ಕಿವುಚು, ಅರೆ, ಕಡೆ: ಕಾಶಿಯ ಹಣ್ಣಿನ ಪಾನೀಯಗಳ ಕಥೆ

ಕಾಶಿಯ ಕಚೌಡಿ ಗಲ್ಲಿಯಿಂದ ಮಣಿಕರ್ಣಿಕಾ ಘಾಟಿನ ಕಡೆಗೆ ಹೋಗುವ ಇಕ್ಕಟ್ಟಾದ ದಾರಿಯಲ್ಲಿ ನೀಲಿ ಗೋಡೆಗಳ ಒಂದು ಸಣ್ಣ ಅಂಗಡಿಯಿದೆ. ಹೆಸರು ಬ್ಲೂ ಲಸ್ಸಿ. 1925ರಿಂದ ನಡೆದುಬಂದದ್ದೆಂದು ಅಂಗಡಿಯವರೇ ಹೇಳಿಕೊಳ್ಳುತ್ತಾರೆ. ಒಳಗಿನ ಗೋಡೆಗಳ ತುಂಬ ಬಂದುಹೋದವರು ಅಂಟಿಸಿದ ಪಾಸ್‌ಪೋರ್ಟ್ ಅಳತೆಯ ಫೋಟೊಗಳು, ನಾಲ್ಕಾರು ಭಾಷೆಗಳ ಚೀಟಿಗಳು. ಮುಂಭಾಗದಲ್ಲಿ ಕುಳಿತವರು ಗಟ್ಟಿ ಮೊಸರನ್ನು ಕಡೆಗೋಲಿನಿಂದ ತಿರುವಿ, ಮಣ್ಣಿನ ಬಟ್ಟಲಿಗೆ ಸುರಿದು, ಮೇಲೆ ದಾಳಿಂಬೆ, ಮಾವು, ಬಾಳೆ, ಸೇಬಿನ ಚೂರುಗಳನ್ನು ಹರಡಿ ಕೊಡುತ್ತಾರೆ. ಬೆಂಚಿನ ಮೇಲೆ ಕುಳಿತು ಚಮಚದಲ್ಲಿ ಅದನ್ನು ತಿನ್ನುತ್ತಿರುವವರ ಮೊಣಕಾಲಿನಿಂದ ಒಂದೆರಡು ಅಡಿ ದೂರದಲ್ಲಿ, ಬಿದಿರಿನ ಚಟ್ಟದ ಮೇಲೆ ಜರಿಬಟ್ಟೆ ಹೊದಿಸಿದ ಶವಗಳು ಒಂದರ ಹಿಂದೆ ಒಂದರಂತೆ ಸ್ಮಶಾನದತ್ತ ಸಾಗುತ್ತವೆ. ಯಾರೂ ಬಟ್ಟಲು ಕೆಳಗಿಡುವುದಿಲ್ಲ. ಕಾಶಿಯಲ್ಲಿ ಇದು ಒರಟುತನವಲ್ಲ. ಅಲ್ಲಿ ಸಾವಿಗೂ ಲಸ್ಸಿಗೂ ಇರುವುದು ಒಂದೇ ಗಲ್ಲಿ.

ಊರಿನ ಹಳಬರನ್ನು ಕೇಳಿದರೆ ಹಣ್ಣಿನ ಲಸ್ಸಿಯ ಬಗ್ಗೆ ಸಣ್ಣ ತಾತ್ಸಾರ ಕಾಣುತ್ತದೆ. ನಿಜವಾದ ಬನಾರಸಿ ಲಸ್ಸಿಯೆಂದರೆ ಮೊಸರು, ಸಕ್ಕರೆ, ಮೇಲೊಂದು ಪದರ ಕೆನೆ ಅಥವಾ ರಬಡಿ. ಬಾಳೆ, ಸ್ಟ್ರಾಬೆರಿ, ಚಾಕೊಲೇಟುಗಳೆಲ್ಲ ಪ್ರವಾಸಿಗರಿಗಾಗಿ ಹುಟ್ಟಿಕೊಂಡವು ಎನ್ನುವುದು ಅವರ ಮಾತು. ಪ್ರವಾಸಿಗರ ನಂಬಿಕೆ ಇದಕ್ಕೆ ತಲೆಕೆಳಗು: ತಾವು ಸವಿಯುತ್ತಿರುವುದು ಸಾವಿರಾರು ವರ್ಷಗಳ ಪುರಾತನ ಪಾನೀಯ ಎಂದುಕೊಂಡಿರುತ್ತಾರೆ. ಎರಡು ಮಾತೂ ಅರ್ಧ ಸರಿ. ಹಣ್ಣನ್ನು ದ್ರವವಾಗಿಸಿ ಕುಡಿಯುವ ಅಭ್ಯಾಸ ಈ ಸೀಮೆಯಲ್ಲಿ ಬಹಳ ಹಳೆಯದು. ಆದರೆ ಹಾಗೆ ಕುಡಿಯುವುದಕ್ಕೆ ಒಂದೇ ದಾರಿ, ಒಂದೇ ಹೆಸರು ಇರಲಿಲ್ಲ.

ಇದನ್ನು ಹೇಳಲು ಕನ್ನಡದ ಕ್ರಿಯಾಪದಗಳು ಚೆನ್ನಾಗಿ ಒದಗುತ್ತವೆ. ಇಂಗ್ಲಿಷಿನಲ್ಲಿ ಈಗ ‘ಬ್ಲೆಂಡ್’ ಎಂಬ ಒಂದೇ ಮಾತಿನಲ್ಲಿ ಮುಗಿಯುವ ಕೆಲಸಕ್ಕೆ ನಮ್ಮ ಅಡುಗೆಮನೆಯಲ್ಲಿ ಬೇರೆಬೇರೆ ಮಾತುಗಳಿವೆ. ಹಣ್ಣನ್ನು ನೀರಿನಲ್ಲಿ ಕೈಯಿಂದ ಹಿಂಡಿ ಹಿಸುಕಿದರೆ ಅದು ಕಿವುಚುವುದು. ಬೀಜ, ಬಾದಾಮಿಗಳನ್ನು ಕಲ್ಲಿನ ಮೇಲೆ ನುಣ್ಣಗೆ ಮಾಡಿದರೆ ಅರೆಯುವುದು. ಮೊಸರನ್ನು ಕೋಲಿನಿಂದ ಹಿಂದೆ ಮುಂದೆ ತಿರುವಿದರೆ ಕಡೆಯುವುದು. ಹಿಂದಿಯಲ್ಲಿಯೂ ಹೀಗೆಯೇ: ಮಸಲ್‌ನಾ, ಪೀಸ್‌ನಾ ಅಥವಾ ಘೋಟ್‌ನಾ, ಮಥ್‌ನಾ. ಮೂರು ಕ್ರಿಯೆ, ಮೂರು ಉಪಕರಣ, ಮೂರು ಬಗೆಯ ಪಾನೀಯ. ಕಾಶಿಯ ಕುಡಿಯುವ ಚರಿತ್ರೆಯನ್ನು ಈ ಮೂರು ಕ್ರಿಯಾಪದಗಳ ಕೆಳಗೆ ಬರೆಯಬಹುದು.

*

ಮೊದಲನೆಯದು ಕಿವುಚುವುದು.

ಕಾಶಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಸಾರನಾಥದಲ್ಲಿ ಬುದ್ಧ ತನ್ನ ಮೊದಲ ಉಪದೇಶ ಮಾಡಿದ. ಅಲ್ಲಿಂದ ಶುರುವಾದ ಭಿಕ್ಷು ಸಂಘಕ್ಕೆ ಮುಂದೆ ಒಂದು ನಿಯಮ ಬಂತು: ನಡುಹಗಲು ಕಳೆದ ಮೇಲೆ ಊಟವಿಲ್ಲ. ಗಂಗಾ ಬಯಲಿನ ಬೇಸಿಗೆಯಲ್ಲಿ ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಬರಿಯ ನೀರಿನಲ್ಲಿ ಕಳೆಯುವುದು ಸುಲಭವಲ್ಲ. ವಿನಯಪಿಟಕದ ಮಹಾವಗ್ಗದಲ್ಲಿ ಇದಕ್ಕೊಂದು ಪರಿಹಾರ ದಾಖಲಾಗಿದೆ. ಅಂಗುತ್ತರಾಪ ಸೀಮೆಯ ಆಪಣ ಎಂಬ ಊರಿನಲ್ಲಿ ಕೇಣಿಯ ಎಂಬ ಜಟಾಧಾರಿ ತಪಸ್ವಿ ಬುದ್ಧನಿಗೆ ಪಾನೀಯಗಳನ್ನು ಸಿದ್ಧಮಾಡಿಸಿ ತಂದ. ಆ ಸಂದರ್ಭದಲ್ಲಿ ಬುದ್ಧ ಎಂಟು ಪಾನಗಳಿಗೆ ಅನುಮತಿ ಕೊಟ್ಟ: ಮಾವು, ನೇರಳೆ, ಚೋಚ ಮತ್ತು ಮೋಚ ಎಂಬ ಎರಡು ಬಗೆಯ ಬಾಳೆ, ಮಧು, ದ್ರಾಕ್ಷಿ, ನೈದಿಲೆಯ ಗೆಡ್ಡೆ, ಕೊನೆಯದಾಗಿ ಫಾರುಸಕ. ಇವನ್ನು ಭಿಕ್ಷುಗಳು ಹೊತ್ತಲ್ಲದ ಹೊತ್ತಿನಲ್ಲಿಯೂ ಕುಡಿಯಬಹುದಿತ್ತು. ಧಾನ್ಯದ ರಸಕ್ಕೆ ಅನುಮತಿಯಿರಲಿಲ್ಲ. ಅದು ಊಟವೇ ಆಗುತ್ತದೆ.

ಕ್ರಿಸ್ತಶಕ ಐದನೆಯ ಶತಮಾನದಲ್ಲಿ ಬುದ್ಧಘೋಷನ ಹೆಸರಿನ ವಿನಯ ವ್ಯಾಖ್ಯಾನ ಮಾವಿನ ಪಾನವನ್ನು ಹೇಗೆ ಮಾಡಬೇಕೆಂದೂ ಹೇಳುತ್ತದೆ. ಎಳೆಯ ಮಾವಿನಕಾಯಿಗಳನ್ನು ಒಡೆದು ನೀರಿಗೆ ಹಾಕಿ, ಬೆಂಕಿಗಿಡದೆ ಬಿಸಿಲಿನಲ್ಲಿ ಕಾಯಿಸಿ, ಸೋಸಿ, ಅದೇ ದಿನ ಪಡೆದ ಜೇನು, ಸಕ್ಕರೆ, ಪಚ್ಚಕರ್ಪೂರಗಳನ್ನು ಸೇರಿಸಬೇಕು. ಹದಿನಾರನೆಯ ಶತಮಾನದ ಆಯುರ್ವೇದ ಗ್ರಂಥ ‘ಭಾವಪ್ರಕಾಶ’ವನ್ನು ತೆರೆದರೆ ಹೆಚ್ಚುಕಡಿಮೆ ಇದೇ ಪಾನೀಯ ಮತ್ತೆ ಸಿಗುತ್ತದೆ. ಮಾವಿನಕಾಯಿಯನ್ನು ನೀರಿನಲ್ಲಿ ಬೇಯಿಸಿ, ಬಲವಾದ ಕೈಯಿಂದ ಕಿವುಚಿ, ಸಕ್ಕರೆ, ತಣ್ಣೀರು, ಕರ್ಪೂರ, ಮೆಣಸು ಬೆರೆಸಬೇಕು. ಇದು ಭೀಮಸೇನ ಕಂಡುಹಿಡಿದ ಪ್ರಪಾನಕ ಎಂಬ ಒಕ್ಕಣೆಯೂ ಇದೆ. ವಿರಾಟನ ಮನೆಯಲ್ಲಿ ಬಾಣಸಿಗನಾಗಿದ್ದವನ ಹೆಸರು ಇಲ್ಲಿ ಬಂದುದು ಸಹಜವೇ. ಬಲವಾದ ಕೈ ಬೇಕೆಂದ ಮೇಲೆ ಭೀಮನಿಗಿಂತ ಬೇರೆ ಯಾರು?

ಒಂದು ಸಾವಿರ ವರ್ಷದ ಅಂತರದಲ್ಲಿ ಬಿಸಿಲು ಹೋಗಿ ಬೆಂಕಿ ಬಂದಿದೆ, ಅಷ್ಟೆ. ಇವತ್ತು ಮೇ ತಿಂಗಳಲ್ಲಿ ಕಾಶಿಯ ರಸ್ತೆಬದಿಯ ಗಾಡಿಗಳಲ್ಲಿ ಸಿಗುವ ‘ಆಮ್ ಪನ್ನಾ’ ಇದೇ. ಕರ್ಪೂರದ ಜಾಗದಲ್ಲಿ ಪುದೀನ, ಮೆಣಸಿನ ಪಕ್ಕದಲ್ಲಿ ಹುರಿದ ಜೀರಿಗೆ ಮತ್ತು ಕಪ್ಪು ಉಪ್ಪು. ಪನ್ನಾ ಎಂಬ ಮಾತೇ ಸಂಸ್ಕೃತದ ಪಾನಕ ಸವೆದು ಬಂದ ರೂಪ. ನಾವು ದಕ್ಷಿಣದವರು ಆ ಮಾತನ್ನು ಸವೆಸದೆ ಹಾಗೆಯೇ ಇಟ್ಟುಕೊಂಡಿದ್ದೇವೆ. ರಾಮನವಮಿಯ ದಿನ ಬೆಂಗಳೂರು, ಮೈಸೂರುಗಳ ಬೀದಿ ಪೆಂಡಾಲಿನಲ್ಲಿ ಲೋಟಕ್ಕೆ ಸುರಿಯುವ ಪಾನಕವೂ ಕಾಶಿಯ ಗಾಡಿಯ ಪನ್ನಾವೂ ಹುಟ್ಟಿನಿಂದ ಒಂದೇ ಹೆಸರಿನವು.

ಎಂಟು ಪಾನಗಳಲ್ಲಿ ಕೊನೆಯದಾದ ಫಾರುಸಕದ ಕಥೆ ಇನ್ನೂ ಸ್ವಾರಸ್ಯದ್ದು. ಸಂಸ್ಕೃತದಲ್ಲಿ ಪರೂಷಕ, ಪಾಲಿಯಲ್ಲಿ ಫಾರುಸಕ, ಇವತ್ತಿನ ಹಿಂದಿಯಲ್ಲಿ ಫಾಲ್ಸಾ. ನಮ್ಮ ಕಾಡುಗಳ ದಡಸಲು ಮರದ ಕುಲಕ್ಕೇ ಸೇರಿದ ಗಿಡ. ಕಡಲೆಗಿಂತ ತುಸು ದೊಡ್ಡದಾದ, ನೇರಳೆ ಬಣ್ಣಕ್ಕೆ ತಿರುಗುವ ಹುಳಿಸಿಹಿ ಹಣ್ಣು. ಕೊಯ್ದು ಒಂದೆರಡು ದಿನಕ್ಕೇ ಕೆಡುವುದರಿಂದ ದೂರದ ಪೇಟೆಗೆ ಹೋಗುವುದಿಲ್ಲ, ಸೂಪರ್ ಮಾರ್ಕೆಟ್ಟಿನಲ್ಲಿ ಕಾಣುವುದಿಲ್ಲ. ಆದರೆ ಬೇಸಿಗೆಯ ಕೆಲವು ವಾರ ಉತ್ತರಪ್ರದೇಶದ ಊರುಗಳಲ್ಲಿ ಅದರ ಶರಬತ್ತು ಸಿಗುತ್ತದೆ. ನೀರಿನಲ್ಲಿ ನೆನೆಸಿ, ಕೈಯಿಂದ ಕಿವುಚಿ, ಸೋಸಿ ಮಾಡಿದ್ದು. ಫಾಲ್ಸಾ ಶರಬತ್ತಿನ ಲೋಟ ಹಿಡಿದವರ ಕೈಯಲ್ಲಿರುವುದು ಎರಡು ಸಾವಿರ ವರ್ಷ ದಾಟಿದ ಪಾನೀಯ. ಹಣ್ಣೂ ಅದೇ, ಹೆಸರೂ ಅದೇ, ಮಾಡುವ ಬಗೆಯೂ ಬಹುಮಟ್ಟಿಗೆ ಅದೇ.

ಅದರ ಜೊತೆಗಿರುವ ‘ಶರಬತ್ತು’ ಮಾತ್ರ ಹೊಸಬ. ಕುಡಿಯುವುದು ಎಂಬರ್ಥದ ಅರಬ್ಬಿ ಧಾತುವಿನಿಂದ ಹುಟ್ಟಿ, ಪಾರಸಿಯ ಮೂಲಕ ಇಲ್ಲಿಗೆ ಬಂತು. ಅದೇ ಧಾತು ಪಶ್ಚಿಮಕ್ಕೆ ಹೋಗಿ ಇಂಗ್ಲಿಷಿನ ಸಿರಪ್, ಶರ್ಬೆಟ್, ಸಾರ್ಬೆಟ್‌ಗಳಾಯಿತು. ಕೆಮ್ಮಿನ ಸಿರಪ್ಪೂ ಫಾಲ್ಸಾ ಶರಬತ್ತೂ ದೂರದ ದಾಯಾದಿಗಳು.

ಕಿವುಚುವ ಪಾನೀಯಗಳಲ್ಲಿ ಕಾಶಿಗೆ ತೀರ ಹತ್ತಿರದ್ದು ಬೇಲ್ ಶರಬತ್ತು. ಇಲ್ಲಿ ಕನ್ನಡಿಗ ಯಾತ್ರಿಕರಿಗೆ ಒಂದು ಸಣ್ಣ ಮೋಸ ಕಾದಿರುತ್ತದೆ. ಕಾಶಿಯಲ್ಲಿ ಕನ್ನಡದ ಓಡಾಟ ಹೊಸದಲ್ಲ. ಗೋದೌಲಿಯಾದ ಹತ್ತಿರ ವೀರಶೈವರ ಜಂಗಮವಾಡಿ ಮಠವಿದೆ. ಗಂಗೆಯ ದಂಡೆಯಲ್ಲಿ ಮೈಸೂರು ಸಂಸ್ಥಾನದ ಕಾಲದ, ಈಗ ಕರ್ನಾಟಕ ಘಾಟ್ ಎನಿಸಿಕೊಂಡ ಸೋಪಾನವಿದೆ. ಅಲ್ಲಿಂದ ಹೊರಬಂದ ಯಾತ್ರಿಕರು ‘ಬೇಲ್ ಕಾ ಶರಬತ್’ ಎಂಬ ಕೂಗು ಕೇಳಿದರೆ, ರಾಮನವಮಿಗೆ ಮನೆಯಲ್ಲಿ ಮಾಡುವ ಬೇಲದ ಹಣ್ಣಿನ ಪಾನಕವನ್ನು ನೆನೆಸಿಕೊಂಡಾರು. ಆದರೆ ನಮ್ಮ ಬೇಲ ಸಂಸ್ಕೃತದ ಕಪಿತ್ಥ, ಹಿಂದಿಯ ಕೈಥ್. ಹಿಂದಿಯ ಬೇಲ್ ನಮ್ಮ ಬಿಲ್ವ. ಬೇಲದ ತಿರುಳು ಕಂದು, ಹುಳಿ. ಬಿಲ್ವದ್ದು ಹಳದಿ, ಸಿಹಿ, ಅಂಟು. ಎರಡಕ್ಕೂ ಮರದಂಥ ಗಟ್ಟಿ ಓಡು ಇರುವುದೊಂದು ಹೋಲಿಕೆ. ನಾವು ಬಿಲ್ವದ ಎಲೆಯನ್ನಷ್ಟೇ ಶಿವನಿಗೆ ಏರಿಸಿ ಹಣ್ಣನ್ನು ಮರೆತಿದ್ದೇವೆ. ಶಿವನ ಊರಿನಲ್ಲಿ ಎಲೆ ಶಿವನಿಗೆ, ಹಣ್ಣು ಭಕ್ತರಿಗೆ.

ಬಿಲ್ವದ ಹಣ್ಣನ್ನು ಇವತ್ತಿಗೂ ಹೆಚ್ಚಿನ ಗಾಡಿಯವರು ಕೈಯಲ್ಲೇ ಕಿವುಚುತ್ತಾರೆ. ಅದಕ್ಕೆ ಕಾರಣ ಸಂಪ್ರದಾಯವಲ್ಲ, ಬೀಜ. ತಿರುಳಿನ ನಡುವೆ ಲೋಳೆ ಸುತ್ತಿಕೊಂಡ ಬೀಜಗಳು ಹರಡಿಕೊಂಡಿರುತ್ತವೆ. ಯಂತ್ರಕ್ಕೆ ಹಾಕಿದರೆ ಬೀಜ ಒಡೆದು ಪಾನೀಯವೆಲ್ಲ ಕಹಿಯಾಗುತ್ತದೆ. ಬೆರಳಿಗೆ ತಿರುಳು ಯಾವುದು, ಬೀಜ ಯಾವುದು ಎಂಬುದು ಗೊತ್ತು, ಬ್ಲೇಡಿಗೆ ಗೊತ್ತಿಲ್ಲ.

*

ಎರಡನೆಯದು ಅರೆಯುವುದು. ಇದು ಠಂಡಾಯಿಯ ಕ್ರಿಯೆ.

ಬಾದಾಮಿ, ಸೋಂಪು, ಕರಬೂಜದ ಬೀಜ, ಕರಿಮೆಣಸು, ಏಲಕ್ಕಿ, ಗುಲಾಬಿ ದಳಗಳನ್ನು ನೆನೆಸಿ, ಚಪ್ಪಟೆ ಕಲ್ಲಿನ ಮೇಲೆ ಗುಂಡುಕಲ್ಲಿನಿಂದ ಬೆಣ್ಣೆಯಂತೆ ಅರೆದು, ಬಟ್ಟೆಯಲ್ಲಿ ಸೋಸಿ, ಹಾಲು ಸಕ್ಕರೆ ಸೇರಿಸಿದರೆ ಠಂಡಾಯಿ. ಹೆಸರಿನ ಅರ್ಥ ‘ತಂಪಿನದು’ ಎಂದಷ್ಟೇ. ಮೆಣಸಿನ ಖಾರವಿದ್ದರೂ ತಂಪು ಎನ್ನುವುದು ದೇಶೀ ಲೆಕ್ಕಾಚಾರ. ಗೋದೌಲಿಯಾ ಚೌಕದ ಸುತ್ತಲಿನ ಅಂಗಡಿಗಳಲ್ಲಿ ಇದಕ್ಕೆ ಋತುವಿಗೆ ತಕ್ಕ ಹಣ್ಣು ಸೇರುತ್ತದೆ. ಮಾವಿನ ಕಾಲದಲ್ಲಿ ಮಾವು, ದ್ರಾಕ್ಷಿಯ ಕಾಲದಲ್ಲಿ ದ್ರಾಕ್ಷಿ, ಬೇಸಿಗೆಯ ಆ ಕೆಲವು ವಾರ ಫಾಲ್ಸಾ. ಹಣ್ಣು ಮತ್ತು ಹಾಲನ್ನು ಒಂದೇ ಲೋಟದಲ್ಲಿ ಕೂಡಿಸುವುದಕ್ಕೆ ಕಾಶಿಗೆ ವಿದೇಶೀ ಪ್ರವಾಸಿಗರ ಅಪ್ಪಣೆ ಬೇಕಾಗಿರಲಿಲ್ಲ.

ಠಂಡಾಯಿಯ ಹಿಂದೆ ಎರಡು ಲೋಕಗಳಿವೆ. ಒಂದು ಅಖಾಡ. ಬನಾರಸಿನ ಕುಸ್ತಿಪಟುಗಳ ಬದುಕನ್ನು ಕುರಿತು ಮಾನವಶಾಸ್ತ್ರಜ್ಞ ಜೋಸೆಫ್ ಆಲ್ಟರ್ 1992ರಲ್ಲಿ ‘ದಿ ರೆಸ್ಲರ್ಸ್ ಬಾಡಿ’ ಎಂಬ ಪುಸ್ತಕ ಪ್ರಕಟಿಸಿದರು. ಪೈಲ್ವಾನನ ಶಿಸ್ತಿನಲ್ಲಿ ಹಾಲು, ತುಪ್ಪ, ಬಾದಾಮಿಗಳಿಗೆ ಇರುವ ಜಾಗವನ್ನು ಅದು ವಿವರವಾಗಿ ತೋರಿಸುತ್ತದೆ. ವ್ಯಾಯಾಮ ಮುಗಿಸಿದ ಮೇಲೆ ಬಾದಾಮಿ ಅರೆದು ಕುಡಿಯುವುದು ರುಚಿಯ ಮಾತಲ್ಲ, ಸಾಧನೆಯ ಭಾಗ. ಅರೆಯುವುದೂ ತೋಳಿಗೆ ಒಂದು ವ್ಯಾಯಾಮವೇ. ಕಾಶಿಯ ಲಸ್ಸಿ ಅಂಗಡಿಯೊಂದಕ್ಕೆ ಪೈಲ್ವಾನನ ಹೆಸರೇ ಇರುವುದು ಆಕಸ್ಮಿಕವಲ್ಲ.

ಇನ್ನೊಂದು ಲೋಕ ಶಿವನದು. ಶಿವರಾತ್ರಿ, ಹೋಳಿಗಳಲ್ಲಿ ಠಂಡಾಯಿಗೆ ಭಂಗಿ ಸೊಪ್ಪಿನ ಉಂಡೆ ಸೇರುತ್ತದೆ. ಬ್ರಿಟಿಷ್ ಸರ್ಕಾರ 1893-94ರಲ್ಲಿ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ದೇಶವೆಲ್ಲ ಸುತ್ತಿ ಸಾಕ್ಷ್ಯ ಸಂಗ್ರಹಿಸಿತು. ಭಂಗಿಗೂ ಶಿವಭಕ್ತಿಗೂ ಇರುವ ನಂಟನ್ನು ಗುರುತಿಸಿ, ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಸಂಪೂರ್ಣ ನಿಷೇಧ ಬೇಡ ಎಂದು ವರದಿ ಕೊಟ್ಟಿತು. ಸ್ವತಂತ್ರ ಭಾರತದ 1985ರ ಮಾದಕವಸ್ತು ಕಾಯ್ದೆಯೂ ಗಾಂಜಾದ ಹೂವಿನ ತುದಿ ಮತ್ತು ಚರಸನ್ನು ನಿಷೇಧಿಸಿ, ಬರಿಯ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. ಹಾಗಾಗಿ ಕಾಶಿಯಲ್ಲಿ ಸರ್ಕಾರದ ಪರವಾನಗಿ ಪಡೆದ ಭಂಗಿ ಅಂಗಡಿಗಳು ಬೋರ್ಡು ಹಾಕಿಕೊಂಡೇ ನಡೆಯುತ್ತವೆ. ‘ಸ್ಪೆಷಲ್ ಲಸ್ಸಿ’ ಎಂದು ಕೇಳಿ ಕುಡಿದು ಇಡೀ ದಿನ ಕೋಣೆ ಬಿಟ್ಟು ಏಳಲಾರದ ಪ್ರವಾಸಿಗರಿಗೆ ಮಾತ್ರ ಈ ಕಾನೂನಿನ ಸೂಕ್ಷ್ಮ ತಡವಾಗಿ ತಿಳಿಯುತ್ತದೆ.

2023ರಲ್ಲಿ ಬನಾರಸಿ ಲಂಗಡಾ ಮಾವಿಗೂ 2024ರಲ್ಲಿ ಬನಾರಸಿ ಠಂಡಾಯಿಗೂ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗಳ ಸಾಲಿಗೆ ಅವೂ ಸೇರಿದವು. ಊರಿನ ಹೆಸರನ್ನು ಕಾನೂನು ಕಾಪಾಡುತ್ತದೆ. ಅರೆಯುವ ಕಲ್ಲನ್ನು ಕಾಪಾಡುವುದು ಅದರ ಕೈಲಿಲ್ಲ.

*

ಮೂರನೆಯದು ಕಡೆಯುವುದು, ಅಂದರೆ ಲಸ್ಸಿ.

ಪಂಜಾಬಿನ ಲಸ್ಸಿ ದೊಡ್ಡ ಲೋಟದಲ್ಲಿ ಗಟಗಟ ಕುಡಿಯುವಂಥದ್ದು, ಉಪ್ಪಿನದೂ ಉಂಟು. ಬನಾರಸಿನದು ಸಿಹಿ, ಗಟ್ಟಿ, ಚಮಚ ಬೇಡುವಂಥದ್ದು. ಸ್ಥಳೀಯರು ‘ಪುರ್ವಾ’ ಎನ್ನುವ ಮಣ್ಣಿನ ಬಟ್ಟಲು ಮೊಸರಿನ ನೀರನ್ನು ಒಂದಿಷ್ಟು ಹೀರಿ ಅದನ್ನು ಇನ್ನೂ ಗಟ್ಟಿಯಾಗಿಸುತ್ತದೆ. ಮೊಸರನ್ನು ಕೈಯಿಂದ ಕಡೆಯುವಾಗ ಅದರ ಹೆಪ್ಪು ಒಡೆದರೂ ಪೂರ್ತಿ ನೀರಾಗುವುದಿಲ್ಲ. ವೇಗದ ಬ್ಲೇಡಿಗೆ ಸಿಕ್ಕಿದರೆ ತೆಳ್ಳಗಾಗುತ್ತದೆ, ಹೆಚ್ಚು ಹೊತ್ತಾದರೆ ಬೆಣ್ಣೆ ಬೇರೆಯಾಗಲು ತೊಡಗುತ್ತದೆ. ಹೆಸರು ಮಾಡಿದ ಲಸ್ಸಿ ಅಂಗಡಿಗಳು ಕಡೆಗೋಲನ್ನು ಬಿಡದಿರಲು ಇದೂ ಒಂದು ಕಾರಣ.

ಮೊಸರು ಮತ್ತು ಸಕ್ಕರೆಯನ್ನು ಸುವಾಸನೆಯೊಂದಿಗೆ ಕೂಡಿಸುವ ಪಾಕಕ್ಕೆ ಸಂಸ್ಕೃತದಲ್ಲಿ ರಸಾಲಾ, ಶಿಖರಿಣೀ ಎಂಬ ಹೆಸರುಗಳಿವೆ. ಭಾವಪ್ರಕಾಶ ಇದನ್ನೂ ಭೀಮನ ಖಾತೆಗೇ ಬರೆದು, ಕೃಷ್ಣ ಸವಿದದ್ದು ಎನ್ನುತ್ತದೆ. ಶಿಖರಿಣೀ ಮರಾಠಿಯಲ್ಲಿ ಶಿಕ್ರಣ ಆಗಿ ಹಾಲು-ಬಾಳೆಯ ಹೆಸರಾಯಿತು. ಕನ್ನಡದಲ್ಲಿ ಸೀಕರಣೆ ಆಗಿ ಮಾವಿನ ರಸಕ್ಕೋ ಬಾಳೆಹಣ್ಣಿಗೋ ಹಾಲು, ಸಕ್ಕರೆ, ಏಲಕ್ಕಿ ಬೆರೆಸಿದ್ದರ ಹೆಸರಾಯಿತು. ಧಾರವಾಡದ ಕಡೆ ಬೇಸಿಗೆಯಲ್ಲಿ ಚಪಾತಿಯ ಜೊತೆ ಬಡಿಸುವ ಸೀಕರಣೆಗೂ ಮ್ಯಾಂಗೊ ಮಿಲ್ಕ್‌ಶೇಕಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ಐಸಿನದು ಮತ್ತು ಲೋಟದ್ದು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ಕನ್ನಡದ ‘ಸೂಪಶಾಸ್ತ್ರ’ ಪಾನಕಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದೆ ಎಂದರೆ, ಕುಡಿಯುವುದು ಅಡುಗೆಯ ಸ್ವತಂತ್ರ ವಿಭಾಗವೆಂಬ ಅರಿವು ನಮ್ಮಲ್ಲಿಯೂ ಇತ್ತು.

ಹಾಲಿಗೆ ಹಣ್ಣು ಸೇರಿಸುವುದರ ಬಗ್ಗೆ ವೈದ್ಯರ ತಕರಾರೂ ಅಷ್ಟೇ ಹಳೆಯದು. ಚರಕಸಂಹಿತೆ ವಿರುದ್ಧಾಹಾರದ ಪಟ್ಟಿಯಲ್ಲಿ ಹುಳಿ ಹಣ್ಣುಗಳ ಜೊತೆಗೆ ಬಾಳೆಯನ್ನೂ ಹೆಸರಿಸಿ, ಹಾಲಿನೊಂದಿಗೆ ಸೇವಿಸಬಾರದೆನ್ನುತ್ತದೆ. ಭಾವಪ್ರಕಾಶ ಮಾವಿನ ಹಣ್ಣಿಗೆ ಹಾಲು ಸೇರಿಸಿದ್ದನ್ನು ರುಚಿಕರ, ಬಲವರ್ಧಕ ಎಂದು ಹೊಗಳುತ್ತದೆ. ಇವತ್ತು ವಾಟ್ಸ್ಆ್ಯಪ್ಪಿನಲ್ಲಿ ಹರಿದಾಡುವ ‘ಬಾಳೆಹಣ್ಣಿನ ಮಿಲ್ಕ್‌ಶೇಕ್ ವಿಷ’ ಎಂಬ ಎಚ್ಚರಿಕೆಗೆ ಶಾಸ್ತ್ರದ ಆಧಾರ ಇಲ್ಲವೆಂದಲ್ಲ. ಆದರೆ ಶಾಸ್ತ್ರದಲ್ಲಿ ಮಾವಿಗೊಂದು, ಬಾಳೆಗೊಂದು ಮಾತಿದೆ, ಮತ್ತು ಜನ ಎರಡನ್ನೂ ಕುಡಿಯುತ್ತಲೇ ಬಂದಿದ್ದಾರೆ.

*

ಈ ಮೂರು ಕ್ರಿಯೆಗಳಿಗೂ ಇಲ್ಲದಿದ್ದದ್ದು ಒಂದೇ: ತಣ್ಣನೆಯ ಭರವಸೆ. ಮಣ್ಣಿನ ಹೂಜಿ ಎಷ್ಟು ತಂಪು ಕೊಟ್ಟರೆ ಅಷ್ಟೆ.

ಅಬುಲ್ ಫಜಲ್‌ನ ‘ಐನೆ ಅಕ್ಬರಿ’ಯಲ್ಲಿ ಅಕ್ಬರನ ನೀರಿನ ಇಲಾಖೆಗೆ ಪ್ರತ್ಯೇಕ ಪ್ರಕರಣವಿದೆ. ಸಿಡಿಮದ್ದಿನಲ್ಲಿ ಬೆಂಕಿ ಎಬ್ಬಿಸುವ ಪೆಟ್ಲುಪ್ಪನ್ನೇ ನೀರಿಗೆ ಹಾಕಿ, ಅದರಲ್ಲಿ ನೀರಿನ ಸೀಸೆ ತಿರುಗಿಸಿ ತಂಪು ಮಾಡುವ ವಿಧಾನವನ್ನು ಅದು ವರ್ಣಿಸುತ್ತದೆ. ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ ಎಂಬುದು ಅದರ ಗುಟ್ಟು. ಆಸ್ಥಾನ ಲಾಹೋರಿಗೆ ಹೋದ ಮೇಲೆ ಉತ್ತರದ ಪರ್ವತಗಳಿಂದ ಹಿಮವೂ ಬರತೊಡಗಿತು. ಇದೆಲ್ಲ ಅರಮನೆಯ ಮಾತು.

ಕಾಶಿಗೆ ಹತ್ತಿರದ ಅಲಹಾಬಾದಿನಲ್ಲಿ ಇನ್ನೊಂದು ಉಪಾಯವಿತ್ತು. ಅದನ್ನು ಕಣ್ಣಾರೆ ಕಂಡ ಸರ್ ರಾಬರ್ಟ್ ಬಾರ್ಕರ್ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಚಳಿಗಾಲದ ಸಂಜೆ ಬಯಲಿನಲ್ಲಿ ತೋಡಿದ ಆಳವಿಲ್ಲದ ಹೊಂಡಗಳಿಗೆ ಕಬ್ಬಿನ ಅಥವಾ ಜೋಳದ ಒಣ ದಂಟು ಹರಡಿ, ಮೇಲೆ ಸಾಲಾಗಿ ತೆಳುವಾದ ಮಣ್ಣಿನ ತಟ್ಟೆಗಳನ್ನಿಟ್ಟು, ಕುದಿಸಿ ಆರಿಸಿದ ನೀರು ತುಂಬುತ್ತಿದ್ದರು. ರಾತ್ರಿಯ ನಿರಭ್ರ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು, ಗಾಳಿಯ ಉಷ್ಣತೆ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯದಿದ್ದರೂ ನೀರಿನ ಮೇಲೆ ಮಂಜಿನ ಪದರ ಕಟ್ಟುತ್ತಿತ್ತು. ಸೂರ್ಯ ಹುಟ್ಟುವ ಮೊದಲು ಅದನ್ನು ಬಾಚಿ, ಹುಲ್ಲು ಕಂಬಳಿ ಹಾಸಿದ ಆಳವಾದ ಗುಂಡಿಯಲ್ಲಿ ಬೇಸಿಗೆಗೆಂದು ಕೂಡಿಡುತ್ತಿದ್ದರು. ಬೆಳಗಿನ ಜಾವದ ಚಳಿಯಲ್ಲಿ ಆ ತಟ್ಟೆಗಳನ್ನು ಎತ್ತಿದವರು ಸ್ಥಳೀಯ ಕೂಲಿಗಳು. ಮೇ ತಿಂಗಳಲ್ಲಿ ಆ ಮಂಜು ಕರಗಿದ್ದು ಸಾಹೇಬರ ಲೋಟಗಳಲ್ಲಿ.

1833ರಲ್ಲಿ ಅಮೆರಿಕದ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಕಳಿಸಿದ ಹಡಗು ಬೋಸ್ಟನ್ನಿನಿಂದ ಕಲ್ಕತ್ತೆಗೆ ಸುಮಾರು 100 ಟನ್ ನೈಸರ್ಗಿಕ ಮಂಜುಗಡ್ಡೆ ತಲುಪಿಸಿತು. ಅದೇ ಶತಮಾನ ಮುಗಿಯುವುದರೊಳಗೆ ಯಂತ್ರದ ಐಸ್ ಬಂದು, ಹಡಗಿನ ಐಸೂ ತಟ್ಟೆಯ ಐಸೂ ನಿಂತುಹೋದವು. ರಸ್ತೆಬದಿಯಲ್ಲಿ ಗೋಣಿಚೀಲ ಹೊದಿಸಿದ ಐಸ್ ಗಡ್ಡೆ ಕಾಣಿಸಿಕೊಂಡ ಮೇಲೆಯೇ ತಣ್ಣನೆಯ ಶರಬತ್ತು ಸಾಮಾನ್ಯನ ಕೈಗೆ ಬಂದದ್ದು. ಹಣ್ಣಿನ ಪಾನೀಯಗಳ ಚರಿತ್ರೆಯಲ್ಲಿ ಮಿಕ್ಸಿಗಿಂತ ದೊಡ್ಡ ತಿರುವು ಇದು. ಮಿಕ್ಸಿ ಶ್ರಮ ಉಳಿಸಿತು. ಐಸ್ ಒಂದು ಸುಖವನ್ನು ಅರಮನೆಯಿಂದ ಬೀದಿಗೆ ಇಳಿಸಿತು.

ಮಿಕ್ಸಿಯ ಹುಟ್ಟೂ ಪಾನೀಯದ ಅಂಗಡಿಯಲ್ಲೇ. ಅಮೆರಿಕದ ವಿಸ್ಕಾನ್ಸಿನ್ನಿನ ಸ್ಟೀಫನ್ ಪೊಪ್ಲಾವ್ಸ್ಕಿ 1922ರ ಹೊತ್ತಿಗೆ ಪಾತ್ರೆಯ ತಳದಲ್ಲಿ ತಿರುಗುವ ಬ್ಲೇಡ್ ಅಳವಡಿಸಿದ್ದು ಸೋಡಾ ಅಂಗಡಿಯ ಮಿಲ್ಕ್‌ಶೇಕುಗಳಿಗಾಗಿ. 1930ರ ದಶಕದಲ್ಲಿ ವಾದ್ಯಗೋಷ್ಠಿಯ ನಾಯಕ ಫ್ರೆಡ್ ವೇರಿಂಗ್ ತನ್ನ ಹೆಸರಿನ ಬ್ಲೆಂಡರನ್ನು ಮಾರುಕಟ್ಟೆಗೆ ತಂದ. ಭಾರತದ ಅಡುಗೆಮನೆಗೆ ಬಂದ ವಿದೇಶೀ ಯಂತ್ರಗಳು ಹಣ್ಣಿಗೆ ಸಾಕಾಗುತ್ತಿದ್ದವು, ಉದ್ದಿನ ಬೇಳೆಗೆ ಸೋಲುತ್ತಿದ್ದವು. ಪತ್ನಿಯ ಜರ್ಮನ್ ಮಿಕ್ಸಿ ಕೆಟ್ಟಾಗ ಎಂಜಿನಿಯರ್ ಎಸ್. ಪಿ. ಮಾಥುರ್ ಭಾರತದ ಅರೆಯುವಿಕೆಗೆ ತಡೆಯುವಂಥ ಮೋಟಾರು ರೂಪಿಸಲು ಹೊರಟರು. ಅದರ ಫಲವೇ 1963ರ ಸುಮೀತ್ ಮಿಕ್ಸಿ. ದಕ್ಷಿಣದಲ್ಲಿ ಅದು ಚಟ್ನಿಯ ಯಂತ್ರವಾಯಿತು, ಉತ್ತರದ ಬೀದಿಗಳಲ್ಲಿ ಜ್ಯೂಸಿನ ಯಂತ್ರವಾಯಿತು. ‘ಕಿವುಚು’, ‘ಅರೆ’, ‘ಕಡೆ’ ಮೂರೂ ಸೇರಿ ‘ಮಿಕ್ಸಿಗೆ ಹಾಕು’ ಆದವು.

ಕಾಶಿಯಲ್ಲಿ ಹೊಸ ಬೇಡಿಕೆ ಎರಡು ಕಡೆಯಿಂದ ಬಂತು. ಒಂದು, 1916ರಲ್ಲಿ ಸ್ಥಾಪನೆಯಾದ ಬನಾರಸ್ ಹಿಂದೂ ವಿಶ್ವವಿದ್ಯಾಲಯ. ಅದರ ಹೆಬ್ಬಾಗಿಲಿನ ಎದುರಿನ ಲಂಕಾ ಬಡಾವಣೆಯಲ್ಲಿ ವಿದ್ಯಾರ್ಥಿಗಳೂ ಆಸ್ಪತ್ರೆಗೆ ಬಂದ ರೋಗಿಗಳ ಬಂಧುಗಳೂ ಸೇರುತ್ತಾರೆ. ಆಸ್ಪತ್ರೆಯಿರುವಲ್ಲಿ ಮೂಸಂಬಿ, ದಾಳಿಂಬೆ ಜ್ಯೂಸಿನ ಗಾಡಿ ಇರುವುದು ಭಾರತದ ಯಾವ ಊರಿನಲ್ಲೂ ತಪ್ಪದ ನಿಯಮ. ಇನ್ನೊಂದು, ವಿದೇಶೀ ಪ್ರವಾಸಿಗರು. ಕವಿ ಅಲೆನ್ ಗಿನ್ಸ್‌ಬರ್ಗ್ 1962-63ರಲ್ಲಿ ದಶಾಶ್ವಮೇಧದ ಹತ್ತಿರ ಕೆಲವು ತಿಂಗಳು ಮನೆ ಮಾಡಿಕೊಂಡಿದ್ದ. ಅವನ ಹಿಂದೆ ಹಿಪ್ಪಿಗಳು ಬಂದರು. 1981ರಲ್ಲಿ ಲೋನ್ಲಿ ಪ್ಲಾನೆಟ್ ತನ್ನ ಭಾರತದ ಕೈಪಿಡಿ ಹೊರತಂದ ಮೇಲೆ ಬೆನ್ನಚೀಲದ ಪ್ರವಾಸಿಗರಿಗೆ ಒಂದು ಸಿದ್ಧ ದಾರಿಯೇ ಆಯಿತು. ಬಾಳೆಹಣ್ಣಿನ ಲಸ್ಸಿ ಆ ದಾರಿಯ ಪಾನೀಯ. ಅಮೆರಿಕದಲ್ಲಿ ‘ಸ್ಮೂಥಿ’ ಎಂಬ ಹೆಸರಿನಲ್ಲಿ ಹಣ್ಣಿನ ಪಾನೀಯ ಅಂಗಡಿಗಳ ಸರಣಿಯಾಗಿ ಬೆಳೆದದ್ದೂ 1970ರ ದಶಕದಿಂದ ಈಚೆಗೆ. ಎರಡೂ ಒಂದೇ ತಲೆಮಾರಿನ ರುಚಿಗೆ ಉತ್ತರ.

ಅದೇ ಹೊತ್ತಿಗೆ ಹಣ್ಣಿನ ಪಾನೀಯ ಡಬ್ಬಿಗೂ ಹೋಯಿತು. 1976ರಲ್ಲಿ ಮಾಝಾ ಬಂತು. 1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟಿತು. 1985ರಲ್ಲಿ ಕಾಗದದ ಪೊಟ್ಟಣದ ಫ್ರೂಟಿ ಬಂತು. 1993ರಲ್ಲಿ ಕೋಕಾ ಕೋಲಾ ಮರಳಿ ಬಂದು ಮಾಝಾವನ್ನೂ ಕೊಂಡಿತು. ಕಾಶಿಯ ಹೊರವಲಯದ ಮೆಹದಿಗಂಜಿನಲ್ಲಿ ಅದರ ಬಾಟ್ಲಿಂಗ್ ಘಟಕದ ವಿರುದ್ಧ, ತಮ್ಮ ಬಾವಿಗಳು ಬತ್ತುತ್ತಿವೆಯೆಂದು ಹಳ್ಳಿಗರು ವರ್ಷಗಟ್ಟಲೆ ಹೋರಾಡಿದರು. ಕಂಪನಿ ಆರೋಪವನ್ನು ನಿರಾಕರಿಸಿತು. 2014ರಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಘಟಕ ಮುಚ್ಚಲು ಆದೇಶಿಸಿತು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ತಡೆ ಸಿಕ್ಕಿ ಕೆಲಸ ಮುಂದುವರಿಯಿತು. ಪಾನೀಯದ ಚರಿತ್ರೆ ಕೊನೆಗೆ ಬಂದು ನಿಲ್ಲುವುದು ನೀರಿನಲ್ಲೇ.

*

ಲೋಟದಲ್ಲಿ ಏನಿದೆ ಎಂಬ ಪ್ರಶ್ನೆಗಿಂತ ಈಗ ಲೋಟ ಹಿಡಿದು ಎಲ್ಲಿ ನಿಲ್ಲುವುದು ಎಂಬ ಪ್ರಶ್ನೆ ಕಾಶಿಗೆ ದೊಡ್ಡದಾಗಿದೆ. 2019ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಗಿ 2021ರ ಡಿಸೆಂಬರ್ 13ರಂದು ಉದ್ಘಾಟನೆಗೊಂಡ ವಿಶ್ವನಾಥ ಧಾಮಕ್ಕಾಗಿ 300ಕ್ಕೂ ಹೆಚ್ಚು ಕಟ್ಟಡಗಳನ್ನು ಕೊಂಡು ಕೆಡವಲಾಯಿತು. ಸುಮಾರು 3,000 ಚದರಡಿಗಳಿದ್ದ ದೇವಾಲಯದ ಆವರಣ 5 ಲಕ್ಷ ಚದರಡಿಗೆ ಹಿಗ್ಗಿತು. ಯಾತ್ರಿಕರ ಸಂಖ್ಯೆ ಏರಿತು, ವೃದ್ಧರಿಗೆ ನಡಿಗೆ ಸಲೀಸಾಯಿತು. ಗಲ್ಲಿಗಳು ಹೋದವು. ಗಲ್ಲಿಯೊಂದಿಗೆ ಅದರ ಬಾಯಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದವರೂ ಹೋದರು.

2025ರ ಜೂನಿನಲ್ಲಿ ಸರದಿ ಲಂಕಾಕ್ಕೆ ಬಂತು. ರಸ್ತೆ ಅಗಲೀಕರಣಕ್ಕಾಗಿ ಅಲ್ಲಿನ ಅಂಗಡಿ ಸಾಲನ್ನು ಬುಲ್ಡೋಜರ್ ಕೆಡವಿತು. ಅದರಲ್ಲಿ ತಲೆಮಾರುಗಳಿಂದ ಹೆಸರಾದ ಚಾಚಿಯ ಕಚೋರಿ ಅಂಗಡಿಯೂ ಪೈಲ್ವಾನ್ ಲಸ್ಸಿಯೂ ಇದ್ದವು. ಊರಿನ ಹಲವರು ಬಂದು ನಿಂತು ನೋಡಿದರು, ಮೊಬೈಲಿನಲ್ಲಿ ಚಿತ್ರ ಹಿಡಿದರು. ಬಿಎಚ್‌ಯುನಲ್ಲಿ ಓದಿ ದೇಶದೆಲ್ಲೆಡೆ ಚದುರಿಹೋದವರು ತಮ್ಮ ಹಾಸ್ಟೆಲ್ ದಿನಗಳನ್ನು ಬರೆದುಕೊಂಡರು. ರಸ್ತೆ ಅಗಲವಾಗಬೇಕೆಂಬುದೂ ಸುಳ್ಳಲ್ಲ. ಲಂಕಾದ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸು ಸಿಕ್ಕಿಬೀಳುವುದನ್ನು ನೋಡಿದವರು ಅದನ್ನು ಒಪ್ಪುತ್ತಾರೆ. ಆದರೆ ಇಂಥ ಅಂಗಡಿಯ ಬೆಲೆಯನ್ನು ಗೋಡೆಯ ಅಳತೆಯಿಂದ ಕಟ್ಟಲಾಗದು. ಮೊಸರು ಬೇರೆಡೆ ಹೆಪ್ಪುಗಟ್ಟೀತು, ಕಡೆಗೋಲು ಬೇರೆಡೆ ತಿರುಗೀತು. ತಾತ ಕುಡಿದ ಜಾಗದಲ್ಲೇ ಮೊಮ್ಮಗನೂ ಕುಡಿಯುವುದು ಮಾತ್ರ ಬೇರೆಡೆಗೆ ಸಾಗುವುದಿಲ್ಲ.

ಹಣ್ಣಿನ ಪಾನೀಯಗಳಿಗೆ ಇದರಿಂದ ಅಳಿವೇನೂ ಇಲ್ಲ. ಕಾಶಿಯ ಕೆಫೆಗಳಲ್ಲಿ ಸ್ಮೂಥಿ ಬೌಲ್ ಸಿಗುತ್ತದೆ, ಬೆಂಗಳೂರಿನಲ್ಲಿ ಠಂಡಾಯಿ ಸಿಗುತ್ತದೆ. ಪಟ್ಟಿ ಹಿಂದೆಂದಿಗಿಂತ ಉದ್ದವಾಗಿದೆ. ಕಿರಿದಾಗುತ್ತಿರುವುದು ಕ್ರಿಯಾಪದಗಳ ಪಟ್ಟಿ. ಯಂತ್ರಕ್ಕೆ ಒಗ್ಗದ ಹಣ್ಣುಗಳು, ಪೇಟೆಗೆ ತಡೆಯದ ಹಣ್ಣುಗಳು ಆ ಪಟ್ಟಿಯ ಜೊತೆಗೇ ಹಿಂದೆ ಸರಿಯುತ್ತವೆ. ವರ್ಷವಿಡೀ ಸಿಗುವ ಬಾಳೆ, ಸೇಬು, ಕೀವಿಗಳು ಅವುಗಳ ಜಾಗ ಹಿಡಿಯುತ್ತವೆ.

ಜೂನ್ ಮೊದಲ ವಾರದಲ್ಲಿ ಕಾಶಿಗೆ ಹೋಗುವವರು ಲಸ್ಸಿಯ ಸಾಲಿನಲ್ಲಿ ನಿಲ್ಲುವ ಮೊದಲು ಒಮ್ಮೆ ಫಾಲ್ಸಾ ಇದೆಯೇ ಎಂದು ಕೇಳಬೇಕು. ಇದ್ದರೆ ಬಕೆಟ್ಟಿನ ಮುಂದೆ ಕುಳಿತವರು ಬೆರಳು ನೇರಳೆಯಾಗುವಂತೆ ಕಿವುಚಿ, ಸೋಸಿ, ಐಸ್ ಹಾಕಿ ಕೊಡುತ್ತಾರೆ. ಕೆಲವು ವಾರ ಕಳೆದು ಮಳೆ ಹಿಡಿದರೆ ಅದು ಮುಂದಿನ ವರ್ಷಕ್ಕೇ.